ಮಳೆಗಾಲಕ್ಕೆ ನಿಲ್ಲಿಸುವ ಬೈಕಿನ ಬ್ಯಾಟರಿ

ಸಂಪಾದಕರಿಗೆ,

ಮಾನ್ಯರೇ,

ಮುಂಗಾರು ಹತ್ತಿರವಾಗುತ್ತಿದ್ದಂತೆ ವಾಹನಗಳ ನಿಗಾ ಕುರಿತ ಸಲಹೆಗಳು ಪತ್ರಿಕೆಗಳ ಪುರವಣಿಗಳಲ್ಲಿಯೂ ಮೊಬೈಲ್ ಫೋನುಗಳಲ್ಲಿಯೂ ಬರತೊಡಗುತ್ತವೆ. ಬಳಸದೆ ನಿಲ್ಲಿಸಿದ ಬೈಕನ್ನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟರೆ ಬ್ಯಾಟರಿ ಇಳಿಯುವುದಿಲ್ಲ ಎಂಬ ಮಾತು ಅವುಗಳಲ್ಲಿ ತಪ್ಪದೆ ಇರುತ್ತದೆ. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಬೆಚ್ಚಗಿನ ಜಾಗದಲ್ಲಿ ಇಡಬೇಕೆಂಬ ಇನ್ನೊಂದು ಸಲಹೆ, ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಬೈಕ್ ಒಳಗಿಡುವವರಿಗಾಗಿ ಹುಟ್ಟಿದ್ದು, ಈಗ ನಮ್ಮಲ್ಲಿಯೂ ಯಥಾವತ್ತಾಗಿ ಹರಿದಾಡುತ್ತಿದೆ. ಮೊದಲನೆಯದು ಲೆಕ್ಕಕ್ಕೆ ನಿಲ್ಲುವುದಿಲ್ಲ, ಎರಡನೆಯದು ಮಲೆನಾಡಿಗೂ ಕರಾವಳಿಗೂ ಅರ್ಧ ಮಾತ್ರ ಹೊಂದುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಟ್ಟು, ತಿಂಗಳಿಗೊಮ್ಮೆ ವೋಲ್ಟೇಜ್ ನೋಡಿ, ಬೇಕಾದಾಗ ಸರಿಯಾದ ಚಾರ್ಜರ್‌ನಿಂದ ತುಂಬಿಸಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ತಿಳಿಸಿ, ಮಾರಾಟಗಾರರ ಮುಂದೆ ಕೆಲವು ಬೇಡಿಕೆಗಳನ್ನು ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಬೈಕ್ ತಿಂಗಳುಗಟ್ಟಲೆ ನಿಲ್ಲುವುದು ನಮ್ಮಲ್ಲಿ ಅಪರೂಪವೇನಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಕಾಣುವ ಆಗುಂಬೆಯ ಆಸುಪಾಸಿನಲ್ಲಿ, ಶೃಂಗೇರಿ, ಕೊಪ್ಪ, ಹೊಸನಗರದ ಒಳಹಳ್ಳಿಗಳಲ್ಲಿ, ಕೊಡಗಿನ ತೋಟಗಳಲ್ಲಿ ಜೂನ್ ಎರಡನೆಯ ವಾರಕ್ಕೆ ಕೊಟ್ಟಿಗೆಯ ಮೂಲೆ ಸೇರಿದ ಬೈಕ್ ಸೆಪ್ಟೆಂಬರ್‌ವರೆಗೆ ಹೊರಬರದೆ ಇರುವುದುಂಟು. ಆ ಮೂರು ನಾಲ್ಕು ತಿಂಗಳು ಓಡಾಟಕ್ಕೆ ಜೀಪು ಅಥವಾ ಬಸ್ಸೇ ಗತಿ. ಉಡುಪಿ, ದಕ್ಷಿಣ ಕನ್ನಡ, ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಬೈಕುಗಳು ಮುಂದಿನ ರಜೆಯವರೆಗೆ ಅಂಗಳದ ಮಾಡಿನ ಕೆಳಗೆ ನಿಂತಿರುತ್ತವೆ. ಸೇನೆಯಲ್ಲಿರುವವರ ಮನೆಗಳಲ್ಲಿಯೂ ಇದೇ ಕಥೆ. ರಜೆಗೆ ಬಂದವರು ಕೀಲಿ ತಿರುಗಿಸಿ ಗುಂಡಿ ಒತ್ತಿದಾಗ ಕಟಕಟ ಎಂಬ ರಿಲೇ ಸದ್ದು ಬಿಟ್ಟು ಬೇರೇನೂ ಆಗದಿದ್ದರೆ, ಇರುವ ಕೆಲವೇ ದಿನಗಳ ರಜೆಯಲ್ಲಿ ಒಂದು ದಿನ ಮೆಕ್ಯಾನಿಕ್ಕನ ಬಾಗಿಲಿನಲ್ಲಿ ಕಳೆಯುತ್ತದೆ.

ಹತ್ತು ವರ್ಷಗಳ ಹಿಂದೆ ಇದು ಇಷ್ಟು ದೊಡ್ಡ ಸಂಗತಿಯಾಗಿರಲಿಲ್ಲ. ವಿದ್ಯುತ್ತಿಲ್ಲದೆಯೇ ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಇದ್ದ ಆಗಿನ ಹಲವು ಬೈಕುಗಳಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೂ ನಾಲ್ಕು ಸಲ ಕಿಕ್ ಹೊಡೆದರೆ, ಇಲ್ಲವೇ ಇಳಿಜಾರಿನಲ್ಲಿ ತಳ್ಳಿ ಗೇರ್ ಹಾಕಿದರೆ ಎಂಜಿನ್ ಎದ್ದು ಕೂರುತ್ತಿತ್ತು. 2020ರ ಏಪ್ರಿಲ್ 1ರಿಂದ ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ಮಾನದಂಡ ಜಾರಿಗೆ ಬಂದ ಮೇಲೆ ಬಹುಪಾಲು ಬೈಕುಗಳಿಗೆ ಫ್ಯುಯೆಲ್ ಇಂಜೆಕ್ಷನ್ ಬಂದಿತು. ಅದರಲ್ಲಿ ಪೆಟ್ರೋಲನ್ನು ಒತ್ತಡದಿಂದ ಕಳಿಸುವ ಪಂಪ್, ಎಷ್ಟು ಚಿಮ್ಮಿಸಬೇಕೆಂದು ತೀರ್ಮಾನಿಸುವ ಗಣಕ ಘಟಕ, ಇಂಜೆಕ್ಟರ್ ಎಲ್ಲವೂ ವಿದ್ಯುತ್ತಿನಿಂದಲೇ ನಡೆಯುತ್ತವೆ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಎಷ್ಟು ತಳ್ಳಿದರೂ ಪೆಟ್ರೋಲ್ ಎಂಜಿನ್ನಿಗೆ ತಲುಪುವ ಖಾತ್ರಿಯಿಲ್ಲ. ಇದೇ ಅವಧಿಯಲ್ಲಿ ಹಲವು ಮಾದರಿಗಳಿಂದ ಕಿಕ್ ಸದ್ದಿಲ್ಲದೆ ಮಾಯವಾಯಿತು. ಶೋರೂಮಿನಲ್ಲಿ ಬಣ್ಣ, ಮೈಲೇಜು, ಸಾಲದ ಕಂತುಗಳ ಬಗ್ಗೆ ಗಂಟೆಗಟ್ಟಲೆ ವಿವರಿಸುವವರು ಈ ಒಂದು ಸಂಗತಿಯನ್ನು ತಾವಾಗಿ ಹೇಳುವುದನ್ನು ನಾನಂತೂ ಕೇಳಿಲ್ಲ.

ಬಹುಪಾಲು ಬೈಕುಗಳ ಬ್ಯಾಟರಿ ಇಂದಿಗೂ ಸೀಸ ಮತ್ತು ಗಂಧಕಾಮ್ಲದ್ದೇ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಕೋಶದ ಮೂಲ ರಸಾಯನ ಬದಲಾಗಿಲ್ಲ. ಸುಮಾರು 2.1 ವೋಲ್ಟ್‌ನ ಆರು ಕೋಶಗಳು ಸಾಲಾಗಿ ಸೇರಿ 12 ವೋಲ್ಟ್ ಎಂದು ಕರೆಯಲ್ಪಡುವ ಬ್ಯಾಟರಿ ಆಗುತ್ತದೆ. ಪೂರ್ತಿ ತುಂಬಿ ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದಾಗ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ 12.6ರಿಂದ 12.8 ವೋಲ್ಟ್ ತೋರಿಸಬೇಕು, 12.4 ತೋರಿಸಿದರೆ ಮುಕ್ಕಾಲು, 12.2 ಎಂದರೆ ಹೆಚ್ಚುಕಡಿಮೆ ಅರ್ಧ ಮಾತ್ರ ಉಳಿದಿದೆ ಎಂದು ತಿಳಿಯಬಹುದು. ಹನ್ನೆರಡು ಎಂಬ ಅಂಕೆ ಕಂಡ ಕೂಡಲೇ ಬ್ಯಾಟರಿ ಸರಿಯಿದೆ ಎಂದು ಸಮಾಧಾನಪಡುವವರು ಬಹಳ ಮಂದಿ, ಆದರೆ ಸರಿಯಾಗಿ 12 ವೋಲ್ಟ್ ತೋರಿಸುವ ಬ್ಯಾಟರಿ ಆಗಲೇ ಬಹುಪಾಲು ಖಾಲಿಯಾಗಿರುತ್ತದೆ.

ಬ್ಯಾಟರಿ ವಿದ್ಯುತ್ ಕೊಡುತ್ತಾ ಹೋದಂತೆ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಇದು ರೋಗವಲ್ಲ, ಬ್ಯಾಟರಿ ಕೆಲಸ ಮಾಡುವ ರೀತಿಯೇ ಅದು. ಬೇಗನೆ ಚಾರ್ಜ್ ಮಾಡಿದರೆ ಆ ಸೂಕ್ಷ್ಮ ಹರಳುಗಳು ಮತ್ತೆ ಕರಗಿ ಫಲಕಗಳು ಮೊದಲಿನಂತಾಗುತ್ತವೆ. ಆದರೆ ಅರೆ ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಸಣ್ಣ ಹರಳುಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿ ಗಟ್ಟಿಯಾಗುತ್ತವೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಹೀಗೆ ಸಲ್ಫೇಟ್ ಕಟ್ಟಿದ ಬ್ಯಾಟರಿ ಚಾರ್ಜರ್‌ಗೆ ಹಾಕಿದಾಗ ಬಹುಬೇಗ ತುಂಬಿದಂತೆ ನಟಿಸುತ್ತದೆ ಮತ್ತು ಸ್ಟಾರ್ಟರ್ ಗುಂಡಿ ಒತ್ತಿದೊಡನೆ ಕುಸಿಯುತ್ತದೆ. ಎರಡು ವರ್ಷವೂ ಬಾಳದೆ ಹೋದ ಬ್ಯಾಟರಿಗೆ ಕಂಪನಿಯನ್ನು ಬಯ್ಯುವ ಮುನ್ನ ಅದು ಖಾಲಿ ಹೊಟ್ಟೆಯಲ್ಲಿ ಎಷ್ಟು ಕಾಲ ಕೂತಿತ್ತೆಂದು ಕೇಳಿಕೊಳ್ಳಬೇಕು. ಮುಚ್ಚಳಕ್ಕೆ ಮೊಹರು ಹಾಕಿ ‘ಮೇಂಟೆನೆನ್ಸ್ ಫ್ರೀ’ ಎಂದು ಬರೆದ ಬ್ಯಾಟರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ಅದಕ್ಕೆ ಡಿಸ್ಟಿಲ್ಡ್ ನೀರು ಹಾಕುವ ಕೆಲಸವಷ್ಟೇ ಇರುವುದಿಲ್ಲ.

ಕೀಲಿ ತೆಗೆದು ನಿಲ್ಲಿಸಿದ ಬೈಕಿನಲ್ಲಿ ವಿದ್ಯುತ್ ಎಲ್ಲಿಗೆ ಹೋಗುತ್ತದೆ ಎಂಬುದು ಮುಖ್ಯ ಪ್ರಶ್ನೆ. ಬ್ಯಾಟರಿ ಯಾವುದಕ್ಕೂ ಜೋಡಣೆಯಾಗದಿದ್ದರೂ ತನ್ನೊಳಗಿನ ರಾಸಾಯನಿಕ ಕ್ರಿಯೆಯಿಂದಲೇ ನಿಧಾನವಾಗಿ ಇಳಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ಸುಮಾರಿನ ಹವೆಯಲ್ಲಿ ಇದು ತಿಂಗಳಿಗೆ ಶೇ 3ರಿಂದ 5ರಷ್ಟು. ಮೊಹರು ಹಾಕಿದ ಒಳ್ಳೆಯ ಬ್ಯಾಟರಿಯಲ್ಲಿ ಇನ್ನೂ ಕಡಿಮೆ. ಬ್ಯಾಟರಿಯ ಸಾಮರ್ಥ್ಯವನ್ನು ಆಂಪೇರ್-ಗಂಟೆಯಲ್ಲಿ, ಅಂದರೆ ಎಷ್ಟು ಆಂಪೇರ್ ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬುದರಲ್ಲಿ, ಅಳೆಯುತ್ತಾರೆ. ಸಣ್ಣ ಬೈಕುಗಳಲ್ಲಿ 3ರಿಂದ 5 ಆಂಪೇರ್-ಗಂಟೆ, 350 ಸಿಸಿ ದರ್ಜೆಯಲ್ಲಿ 8 ಆಂಪೇರ್-ಗಂಟೆ ಆಸುಪಾಸಿನ ಬ್ಯಾಟರಿಗಳಿರುತ್ತವೆ. 5 ಆಂಪೇರ್-ಗಂಟೆಯ ಬ್ಯಾಟರಿಯನ್ನೇ ತೆಗೆದುಕೊಂಡರೆ ಮಳೆಗಾಲದ ನಾಲ್ಕು ತಿಂಗಳಲ್ಲಿ ತಾನಾಗಿ ಸೋರುವುದು ಹೆಚ್ಚೆಂದರೆ 1 ಆಂಪೇರ್-ಗಂಟೆ. ಅಂದರೆ ಬಿಚ್ಚಿಟ್ಟ ಬ್ಯಾಟರಿ ಅಕ್ಟೋಬರಿನಲ್ಲಿಯೂ ಮುಕ್ಕಾಲಿಗಿಂತ ಹೆಚ್ಚು ತುಂಬಿಯೇ ಇರುತ್ತದೆ.

ಬೈಕಿಗೆ ಜೋಡಿಸಿಯೇ ಬಿಟ್ಟರೆ ಚಿತ್ರ ಬೇರೆ. ಡಿಜಿಟಲ್ ಮೀಟರಿನ ಗಡಿಯಾರ, ಗಣಕ ಘಟಕದ ಸ್ಮರಣೆ, ಬ್ಯಾಟರಿಗೆ ತಕ್ಕಂತೆ ವಿದ್ಯುತ್ತನ್ನು ಮಾರ್ಪಡಿಸುವ ರೆಕ್ಟಿಫೈಯರಿನ ಅತ್ಯಲ್ಪ ಸೋರಿಕೆ ಎಲ್ಲ ಸೇರಿ ಕೇವಲ 1 ಮಿಲಿಆಂಪೇರ್ (ಆಂಪೇರಿನ ಸಾವಿರದಲ್ಲೊಂದು ಭಾಗ) ಎಳೆಯುತ್ತವೆ ಎಂದುಕೊಂಡರೂ ತಿಂಗಳಿಗೆ 0.72 ಆಂಪೇರ್-ಗಂಟೆ, ನಾಲ್ಕು ತಿಂಗಳಿಗೆ 2.9 ಆಂಪೇರ್-ಗಂಟೆ ಹೋಯಿತು. ತಾನಾಗಿ ಸೋರುವುದನ್ನೂ ಕೂಡಿಸಿದರೆ 5ರಲ್ಲಿ ಉಳಿಯುವುದು ಒಂದು, ಒಂದೂವರೆ ಮಾತ್ರ. ಇನ್ನು ಕಳ್ಳರ ಭಯಕ್ಕೆ ಹಾಕಿಸಿದ ಜಿಪಿಎಸ್ ಟ್ರ್ಯಾಕರ್ ಅಥವಾ ಅಲಾರಂ ನಿರಂತರವಾಗಿ 10 ಮಿಲಿಆಂಪೇರ್ ಎಳೆಯುತ್ತಿದ್ದರೆ ದಿನಕ್ಕೆ 0.24 ಆಂಪೇರ್-ಗಂಟೆ ಖರ್ಚಾಗಿ ಹತ್ತೇ ದಿನದಲ್ಲಿ ಅರ್ಧ ಬ್ಯಾಟರಿ, ಮೂರು ವಾರದಲ್ಲಿ ಪೂರ್ತಿ ಬ್ಯಾಟರಿ ಖಾಲಿ. ಹ್ಯಾಂಡಲ್ ಮೇಲೆ ಮೊಬೈಲ್ ಚಾರ್ಜ್ ಮಾಡಲು ಹಾಕಿಸಿಕೊಳ್ಳುವ ಯುಎಸ್‌ಬಿ ಪಾಯಿಂಟನ್ನು ಕೀಲಿಯ ಮೂಲಕ ಕೊಡದೆ ನೇರವಾಗಿ ಬ್ಯಾಟರಿಗೇ ಕೊಟ್ಟು, ಅದರ ಪುಟ್ಟ ನೀಲಿ ದೀಪ ಹಗಲಿರುಳು ಉರಿಯುವಂತೆ ಮಾಡಿಟ್ಟ ಬೈಕುಗಳನ್ನು ಎಷ್ಟೋ ಕಡೆ ನೋಡಬಹುದು. ತಂತಿ ಎಳೆದವರಿಗೆ ಹತ್ತು ನಿಮಿಷ ಉಳಿಯಿತು, ಅಷ್ಟೇ.

ಇಲ್ಲಿಗೆ ವಾರಕ್ಕೊಮ್ಮೆ ಸ್ಟಾರ್ಟ್ ಮಾಡುವ ಸಲಹೆಯನ್ನು ತೂಗಿ ನೋಡಬಹುದು. ಬೈಕ್ ನಿಂತಲ್ಲೇ ಎಂಜಿನ್ ನಿಧಾನವಾಗಿ ತಿರುಗುವಾಗ ಅದಕ್ಕೆ ಜೋಡಿಸಿದ ವಿದ್ಯುತ್ ಜನಕ, ಅಂದರೆ ಮ್ಯಾಗ್ನೆಟೊ, ಹುಟ್ಟಿಸುವ ವಿದ್ಯುತ್ ಅಲ್ಪ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯಲೇಬೇಕು; ಪಂಪ್ ಮತ್ತು ಇಂಜೆಕ್ಟರ್‌ಗಳ ಬಳಕೆ ಬೇರೆ. ಇವೆಲ್ಲ ಕಳೆದು ಬ್ಯಾಟರಿಗೆ ಅರ್ಧ ಆಂಪೇರ್ ಉಳಿಯುತ್ತದೆಂದು ಧಾರಾಳವಾಗಿ ಒಪ್ಪಿಕೊಂಡರೂ ಐದು ನಿಮಿಷಕ್ಕೆ ಸೇರುವುದು ಸುಮಾರು 0.04 ಆಂಪೇರ್-ಗಂಟೆ, ಅದರಲ್ಲಿ ಸ್ಟಾರ್ಟರ್ ಮೋಟಾರು ಒಂದೆರಡು ಸೆಕೆಂಡಿನಲ್ಲಿ ನುಂಗಿದ್ದನ್ನು ಇನ್ನೂ ಕಳೆಯಬೇಕು. ಅದೇ ವಾರದಲ್ಲಿ ಆ 1 ಮಿಲಿಆಂಪೇರ್ ಒಂದೇ 0.17 ಆಂಪೇರ್-ಗಂಟೆ ತಿಂದುಹಾಕಿರುತ್ತದೆ. ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದವರ ಬ್ಯಾಟರಿಯೂ ಹೀಗೆ ವಾರದಿಂದ ವಾರಕ್ಕೆ ಇಳಿಯುತ್ತಲೇ ಹೋಗುತ್ತದೆ. ಜೊತೆಗೆ ಪೂರ್ತಿ ಬಿಸಿಯಾಗದ ಎಂಜಿನ್ನಿನ ಹೊಗೆಯಲ್ಲಿರುವ ನೀರಾವಿ ಸೈಲೆನ್ಸರಿನೊಳಗೆ ತಂಗಿ ನೀರಾಗಿ ನಿಲ್ಲುತ್ತದೆ. ಮೊದಲೇ ಶೀತ ಹಿಡಿದ ಮಲೆನಾಡಿನ ಹವೆಯಲ್ಲಿ ತುಕ್ಕಿಗೆ ಬೇರೆ ಆಹ್ವಾನ ಬೇಕಿಲ್ಲ. ಬೈಕನ್ನು ಅರ್ಧ ಗಂಟೆ ರಸ್ತೆಯ ಮೇಲೆ ಓಡಿಸಿ ಬರುವುದಾದರೆ ಮಾತು ಬೇರೆ, ಆದರೆ ಅಷ್ಟು ಓಡಿಸಲು ಹವೆ ಬಿಡುವಂತಿದ್ದರೆ ಅದನ್ನು ನಿಲ್ಲಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಬೆಚ್ಚಗಿನ ಜಾಗದ ಸಲಹೆ ಎಲ್ಲಿಂದ ಬಂದಿತೆಂದು ತಿಳಿದರೆ ಅದನ್ನು ಎಷ್ಟು ಒಪ್ಪಬೇಕೆಂಬುದೂ ತಿಳಿಯುತ್ತದೆ. ಪೂರ್ತಿ ತುಂಬಿದ ಬ್ಯಾಟರಿಯ ಆಮ್ಲ ಸಾಂದ್ರವಾಗಿರುವುದರಿಂದ ಸೊನ್ನೆಗಿಂತ 50 ಡಿಗ್ರಿ ಕೆಳಗಿಳಿದರೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದ ಬ್ಯಾಟರಿಯಲ್ಲಿ ಉಳಿಯುವುದು ಬಹುಪಾಲು ನೀರು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಆಸುಪಾಸಿನಲ್ಲಿಯೇ ಅದು ಮಂಜುಗಡ್ಡೆಯಾಗಿ ಹಿಗ್ಗಿ ಪೆಟ್ಟಿಗೆಯನ್ನೇ ಸೀಳಬಲ್ಲದು. ಕೆನಡಾದಲ್ಲಿಯೋ ನಾರ್ವೆಯಲ್ಲಿಯೋ ಆ ಭಯ ನಿಜ. ನಮ್ಮ ದೇಶದಲ್ಲಿಯೇ ಲಡಾಖಿನ ಲೇಹ್‌ನಲ್ಲಿ ಜನವರಿಯ ರಾತ್ರಿಗಳು ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿಳಿಯುತ್ತವೆ. ಬೇಸಿಗೆಯಲ್ಲಿ ಬೆಂಗಳೂರಿನಿಂದ ಹೋದವರೂ ಬಾಡಿಗೆಗೆ ಪಡೆದು ಖರ್ದುಂಗ್ ಲಾ ಎಂಬ ಎತ್ತರದ ಘಾಟಿ ಹತ್ತುವ ಬೈಕುಗಳು ಮನಾಲಿ ರಸ್ತೆ ಮುಚ್ಚಿದ ಮೇಲೆ ಅಲ್ಲಿ ತಿಂಗಳುಗಟ್ಟಲೆ ನಿಂತೇ ಇರಬೇಕು. ಅಂಥ ಬೈಕಿನ ಬ್ಯಾಟರಿ ಬಿಚ್ಚಿ ಒಳಗೆ ಒಯ್ಯುವುದು ಜಾಣತನ. ಆದರೆ ಹೆಪ್ಪುಗಟ್ಟುವ ಅಪಾಯವೊಂದನ್ನು ಬಿಟ್ಟರೆ ಚಳಿ ಬ್ಯಾಟರಿಗೆ ಶತ್ರುವಲ್ಲ. ತಂಪು ಹೆಚ್ಚಿದಷ್ಟೂ ತಾನಾಗಿ ಸೋರುವುದು ಕಡಿಮೆ. ಪ್ರತಿ 10 ಡಿಗ್ರಿ ಏರಿಕೆಗೆ ಆ ಸೋರಿಕೆ ಸರಿಸುಮಾರು ಇಮ್ಮಡಿಯಾಗುತ್ತದೆ.

ಹಾಗಾಗಿ ನಮ್ಮವರು ಬ್ಯಾಟರಿಯನ್ನು ಬಿಚ್ಚಿ, ಶೀತ ತಾಗದಿರಲಿ ಎಂದು ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ಉಲ್ಟಾ ಪರಿಣಾಮ ಕೊಡುತ್ತದೆ. ಅಡಿಕೆ, ಕೊಬ್ಬರಿ, ಹಪ್ಪಳಗಳಿಗೆ ಆ ಜಾಗ ಚೆನ್ನ, ಬ್ಯಾಟರಿಗಲ್ಲ. ಅದಕ್ಕೆ ಬೇಕಾದದ್ದು ತಂಪಾದ, ಒಣಗಿದ, ಗಾಳಿಯಾಡುವ, ಮಕ್ಕಳ ಕೈಗೆಟುಕದ ಜಾಗ. ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳ ಧಗೆಗೆ ತಗಡಿನ ಮಾಡಿನ ಕೆಳಗೆ ಬೈಕ್ ನಿಲ್ಲಿಸಿ ವಿದೇಶಕ್ಕೆ ಹೋಗುವವರು ಈ ಕಾರಣಕ್ಕೇ ಹೆಚ್ಚು ಎಚ್ಚರ ವಹಿಸಬೇಕು. ಮಳೆಗಾಲದ ನಿಜವಾದ ತೊಂದರೆ ತೇವದ್ದು. ಬ್ಯಾಟರಿಯ ಮೇಲ್ಮೈಯಲ್ಲಿ ಕೂತ ಧೂಳು ಒದ್ದೆಯಾದಾಗ ಎರಡು ಟರ್ಮಿನಲ್‌ಗಳ ನಡುವೆ ವಿದ್ಯುತ್ತಿಗೆ ಒಂದು ತೆಳುವಾದ ದಾರಿಯಾಗುತ್ತದೆ, ಟರ್ಮಿನಲ್‌ಗಳಿಗೆ ಬಿಳಿ, ಹಸಿರು ಕಿಲುಬು ಕಟ್ಟಿ ಮುಂದೆ ಚಾರ್ಜ್ ಸರಿಯಾಗಿ ಹರಿಯುವುದಿಲ್ಲ. ಒಣಬಟ್ಟೆಯಿಂದ ಒರೆಸಿ, ಕಿಲುಬು ಕೆರೆದು ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಇದಕ್ಕೆ ಪರಿಹಾರ ಸಿಕ್ಕಂತೆಯೇ. ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬ ನಂಬಿಕೆ ಮರದ ಮತ್ತು ರಬ್ಬರಿನ ಪೆಟ್ಟಿಗೆಗಳ ಕಾಲದ್ದು, ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಅನ್ವಯಿಸುವುದಿಲ್ಲ.

ಬಿಚ್ಚುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಮರಳಿ ಜೋಡಿಸುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಬೈಕಿನ ಇಡೀ ಚೌಕಟ್ಟು ನೆಗೆಟಿವ್‌ಗೆ ಸೇರಿರುವುದರಿಂದ, ನೆಗೆಟಿವ್ ತಂತಿ ಇರುವಾಗಲೇ ಪಾಸಿಟಿವ್ ಸಡಿಲಿಸಲು ಹೋಗಿ ಸ್ಪ್ಯಾನರ್ ಚೌಕಟ್ಟಿಗೆ ತಾಗಿದರೆ ಭಾರಿ ಕಿಡಿ ಹಾರುತ್ತದೆ. ಕೀಲಿ ಬಂದ್ ಆಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಪೂರ್ತಿ ಬಿಚ್ಚುವುದು ತ್ರಾಸವೆನಿಸಿದರೆ ನೆಗೆಟಿವ್ ಒಂದನ್ನೇ ಕಳಚಿ, ತುದಿಗೆ ಬಟ್ಟೆಯನ್ನೋ ಟೇಪನ್ನೋ ಸುತ್ತಿ ಪಕ್ಕಕ್ಕಿಟ್ಟರೂ ಮೇಲಿನ ಲೆಕ್ಕದ ದೊಡ್ಡ ಪಾಲು ಉಳಿಯಿತು. ಗಡಿಯಾರದ ಸಮಯ ಅಳಿಸಿಹೋಗುವುದು ಬಿಟ್ಟರೆ ಹೆಚ್ಚಿನ ಬೈಕುಗಳಿಗೆ ಇದರಿಂದ ನಷ್ಟವಿಲ್ಲ. ಆದರೆ ಒಳಗಿಡುವ ದಿನ ಬ್ಯಾಟರಿ ತುಂಬಿರಬೇಕು. ಅರ್ಧ ಇಳಿದದ್ದನ್ನು ಎಷ್ಟು ಜೋಪಾನವಾಗಿ ಬಿಚ್ಚಿಟ್ಟರೂ ಹರಳು ಕಟ್ಟುವುದು ತಪ್ಪದು.

ಚಾರ್ಜ್ ಮಾಡುವ ವಿಷಯದಲ್ಲಿ ಅಪಾಯಕಾರಿಯಾದ ಒಂದು ಅಭ್ಯಾಸವನ್ನು ಇಲ್ಲಿ ಹೆಸರಿಸಲೇಬೇಕು. ಕರೆಂಟು ಹೋದಾಗ ದೀಪ ಉರಿಯಲೆಂದು ಮನೆಯಲ್ಲಿಟ್ಟ ಇನ್ವರ್ಟರಿನ ದೊಡ್ಡ ಬ್ಯಾಟರಿಗೆ ಅಥವಾ ಜೀಪಿನ ಬ್ಯಾಟರಿಗೆ ಎರಡು ತಂತಿ ಎಳೆದು ಬೈಕಿನ ಬ್ಯಾಟರಿಯನ್ನು ಅಂಟಿಸಿ ಬಿಡುವವರಿದ್ದಾರೆ. ಬೈಕಿನ ಬ್ಯಾಟರಿಗೆ ಹಿತವಾದದ್ದು ಅದರ ಸಾಮರ್ಥ್ಯದ ಸುಮಾರು ಹತ್ತನೆಯ ಒಂದು ಭಾಗದಷ್ಟು ಕರೆಂಟ್. 5 ಆಂಪೇರ್-ಗಂಟೆಯದಕ್ಕೆ ಅರ್ಧ ಆಂಪೇರ್, 8ರದ್ದಕ್ಕೆ ಮುಕ್ಕಾಲು ಆಂಪೇರ್. ದೊಡ್ಡ ಬ್ಯಾಟರಿಯಿಂದಲೋ ಇನ್ವರ್ಟರಿನ ಚಾರ್ಜರಿನಿಂದಲೋ ಅದಕ್ಕೆ ಹತ್ತಾರು ಪಟ್ಟು ನುಗ್ಗಬಹುದು. ಆಗ ಮೊಹರು ಹಾಕಿದ ಬ್ಯಾಟರಿ ಬಿಸಿಯಾಗಿ ಉಬ್ಬುತ್ತದೆ, ಹೊರಬರುವ ಹೈಡ್ರೋಜನ್ ಅನಿಲಕ್ಕೆ ಒಂದು ಕಿಡಿ ಸಾಕು. ದ್ವಿಚಕ್ರ ವಾಹನಕ್ಕೆಂದೇ ಮಾಡಿದ, ಸುಮಾರು 14.4 ವೋಲ್ಟ್‌ವರೆಗೆ ಏರಿಸಿ ಬ್ಯಾಟರಿ ತುಂಬಿದ ಮೇಲೆ ತಾನಾಗಿ 13.5 ಆಸುಪಾಸಿಗೆ ಇಳಿಯುವ ಸಣ್ಣ ಸ್ಮಾರ್ಟ್ ಚಾರ್ಜರ್ ಕೊಂಡರೆ ಹಲವು ವರ್ಷ ಬರುತ್ತದೆ. ನೆರೆಹೊರೆಯ ನಾಲ್ಕು ಮನೆಗೆ ಒಂದಿದ್ದರೂ ಆದೀತು. ಲಿಥಿಯಂ ಬ್ಯಾಟರಿ ಹಾಕಿಸಿಕೊಂಡ ಕೆಲವರಿಗೆ ಈ ಚಾರ್ಜರ್ ಹೊಂದುವುದಿಲ್ಲ, ಅದಕ್ಕೆ ತಕ್ಕದ್ದನ್ನೇ ಬಳಸಬೇಕು.

ಚಳಿ ದೇಶಗಳವರು ಈ ಚಾರ್ಜರನ್ನು ಆರು ತಿಂಗಳೂ ಜೋಡಿಸಿಯೇ ಬಿಡುತ್ತಾರೆ. ಜುಲೈ ತಿಂಗಳಲ್ಲಿ ಮರ ಉರುಳಿ ಕಂಬ ಬಿದ್ದು ದಿನಗಟ್ಟಲೆ ಕರೆಂಟು ಕಾಣದ ಊರುಗಳಲ್ಲಿ, ಸಿಡಿಲಿಗೆ ಪ್ಲಗ್ ಕೀಳುವ ರೂಢಿಯಿರುವ ಮನೆಗಳಲ್ಲಿ ಅದನ್ನು ನೆಚ್ಚುವಂತಿಲ್ಲ, ನೆಚ್ಚುವ ಅಗತ್ಯವೂ ಇಲ್ಲ. ತಿಂಗಳಿಗೊಮ್ಮೆ ಮಲ್ಟಿಮೀಟರ್ ಹಿಡಿದು 12.5ಕ್ಕಿಂತ ಕಡಿಮೆ ಕಂಡರೆ, ಕರೆಂಟು ಇರುವ ಒಂದು ದಿನ ಗಾಳಿಯಾಡುವ ಜಾಗದಲ್ಲಿ ಚಾರ್ಜಿಗೆ ಹಾಕಿದರೆ ನಾಲ್ಕು ತಿಂಗಳು ದಾಟುತ್ತದೆ. ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದೊಂದು ಬ್ಯಾಟರಿಗೆ ಕೊಡುವ ಹಣದ ಮುಂದೆ ಅದು ದೊಡ್ಡದಲ್ಲ.

ಇಷ್ಟೆಲ್ಲ ವಾಹನದ ಕೈಪಿಡಿಯಲ್ಲಿ ಇಲ್ಲವೇ ಎಂದು ಕೇಳಬಹುದು. ನಾನು ತಿರುವಿ ನೋಡಿದ ಕೈಪಿಡಿಗಳಲ್ಲಿ ದೀರ್ಘಕಾಲ ನಿಲ್ಲಿಸುವಾಗ ಬ್ಯಾಟರಿ ಕಳಚಿ ಕಾಲಕಾಲಕ್ಕೆ ಚಾರ್ಜ್ ಮಾಡಬೇಕೆಂದು ಬರೆದಿದೆ, ಇಂಗ್ಲಿಷಿನಲ್ಲಿ, ಹಿಂಬದಿಯ ಪುಟಗಳಲ್ಲಿ. ಅದನ್ನು ಓದಿಲ್ಲವೆಂದು ಗ್ರಾಹಕನನ್ನು ದೂರುವುದು ಸುಲಭ. ಆದರೆ ಬಳಸದೆ ಬಿಟ್ಟು ಖಾಲಿಯಾದ ಬ್ಯಾಟರಿಗೆ ವಾರಂಟಿ ಸಿಗುವುದಿಲ್ಲವೆಂದು ಕೌಂಟರಿನಲ್ಲಿ ಸ್ಪಷ್ಟ ಕನ್ನಡದಲ್ಲಿ ಹೇಳಬಲ್ಲವರು, ಬೈಕ್ ಮಾರುವ ದಿನವೂ ಅದೇ ಕನ್ನಡದಲ್ಲಿ ಒಂದು ಪುಟದ ಸೂಚನೆ ಕೊಡಬಾರದೇಕೆ? ಮಾದರಿಗೆ ಕಿಕ್ ಇದೆಯೋ ಇಲ್ಲವೋ ಎಂಬುದು ಆ ಪುಟದ ಮೊದಲ ಸಾಲಿನಲ್ಲಿರಬೇಕು. ಪಕ್ಕದ ಮನೆಗೆ ಎರಡು ಕಿಲೋಮೀಟರ್, ಗ್ಯಾರೇಜಿಗೆ ಇಪ್ಪತ್ತೈದು ಕಿಲೋಮೀಟರ್ ಇರುವಲ್ಲಿ ಬಾಳುವವರಿಗೆ ಅದು ಬಣ್ಣಕ್ಕಿಂತ ಮುಖ್ಯವಾದ ವಿವರ, ಮತ್ತು ಇಂಥ ಪ್ರದೇಶಗಳಲ್ಲಿ ಮಾರುವ ಬೈಕುಗಳಿಗೆ ಕಿಕ್ ಉಳಿಸಿಕೊಳ್ಳುವ ಆಯ್ಕೆಯನ್ನಾದರೂ ತಯಾರಕರು ಕೊಡಬೇಕೆಂದು ನಾನು ಒತ್ತಾಯಿಸುತ್ತೇನೆ.

ಮೇ ತಿಂಗಳಲ್ಲಿ ಅಲ್ಲಲ್ಲಿ ನಡೆಯುವ ಮಳೆಗಾಲದ ಸರ್ವಿಸ್ ಶಿಬಿರಗಳಲ್ಲಿ ತೊಳೆಯುವುದು, ಚೈನಿಗೆ ಎಣ್ಣೆ ಬಿಡುವುದು, ಬ್ರೇಕ್ ನೋಡುವುದು ನಡೆಯುತ್ತದೆ. ಕೀಲಿ ಬಂದ್ ಮಾಡಿದ ಮೇಲೆ ಬೈಕ್ ಎಷ್ಟು ಮಿಲಿಆಂಪೇರ್ ಎಳೆಯುತ್ತಿದೆ ಎಂದು ಅಳೆದು ಕಾರ್ಡಿನ ಮೇಲೆ ಬರೆದುಕೊಡಲು ಐದು ನಿಮಿಷ ಸಾಕು. ಟ್ರ್ಯಾಕರೋ, ನೇರ ಜೋಡಣೆಯೋ, ಹಾಳಾದ ರೆಕ್ಟಿಫೈಯರೋ ಯಾವುದಿದ್ದರೂ ಆ ಅಂಕೆಯಲ್ಲಿ ಸಿಕ್ಕಿಬೀಳುತ್ತದೆ. ಸಾಧ್ಯವಿರುವ ಸರ್ವಿಸ್ ಕೇಂದ್ರಗಳು ಮಳೆಗಾಲದಲ್ಲಿ ಅಲ್ಪ ಶುಲ್ಕಕ್ಕೆ ಬ್ಯಾಟರಿ ಚಾರ್ಜ್ ಮಾಡಿಕೊಡುವ ಒಂದು ಮೇಜನ್ನು ಇಟ್ಟರೆ ಸಂತೆಯ ದಿನ ಪೇಟೆಗೆ ಬಂದವರು ಬ್ಯಾಟರಿಯನ್ನು ಚೀಲದಲ್ಲಿ ತಂದು ಕೊಟ್ಟು ಸಂಜೆ ಒಯ್ಯಬಹುದು.

ಬ್ಯಾಟರಿ ಅಂಗಡಿಗಳವರಲ್ಲಿಯೂ ಒಂದು ವಿನಂತಿ. ಗಿರಾಕಿಯ ಕೊಟ್ಟಿಗೆಯಲ್ಲಿ ನಡೆಯುವ ಸೋರಿಕೆಯೇ ಅಂಗಡಿಯ ಶೆಲ್ಫಿನ ಮೇಲೂ ನಡೆಯುತ್ತದೆ. ತಿಂಗಳುಗಟ್ಟಲೆ ಕೂತ ದಾಸ್ತಾನನ್ನು ಚಾರ್ಜ್ ಮಾಡದೆ ಹೊಸದೆಂದು ಕೊಟ್ಟರೆ ಆಯುಷ್ಯದ ಒಂದು ಪಾಲು ಅಲ್ಲಿಯೇ ಕಳೆದಿರುತ್ತದೆ. ಮಾರುವಾಗ ಗಿರಾಕಿಯ ಎದುರೇ ವೋಲ್ಟೇಜ್ ತೋರಿಸಿ, ತಯಾರಾದ ತಿಂಗಳನ್ನು ಬಿಲ್ಲಿನಲ್ಲಿ ನಮೂದಿಸಲಿ. ಕೊನೆಗೂ ಸತ್ತ ಬ್ಯಾಟರಿಯನ್ನು ಗುಜರಿಯವರಿಗೆ ಕೊಡುವ ಬದಲು ಅದೇ ಅಂಗಡಿಗೆ ಮರಳಿಸಬೇಕು: 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಅಂಗಳದಲ್ಲಿ ಒಡೆದು ಆಮ್ಲ ಚೆಲ್ಲಿ ಸೀಸ ಬೇರ್ಪಡಿಸುವ ಕೆಲಸ ಮಲೆನಾಡಿನಲ್ಲಿ ನಡೆದರೆ ಅದು ಸೇರುವುದು ತೋಟದ ಕಪ್ಪಿಗೆ (ನೀರು ಹರಿದುಹೋಗುವ ಕಾಲುವೆಗೆ), ಅಲ್ಲಿಂದ ಹಳ್ಳಕ್ಕೆ.

ತಮ್ಮ ಪತ್ರಿಕೆಯ ವಾಹನ ಪುರವಣಿಯಲ್ಲಿ ಈ ಮೇ ತಿಂಗಳು ಮಳೆಗಾಲದ ಸಲಹೆಗಳನ್ನು ಅಚ್ಚು ಮಾಡುವಾಗ ಐದು ನಿಮಿಷದ ಸ್ಟಾರ್ಟಿನ ಸಾಲನ್ನು ಕೈಬಿಟ್ಟು, ನೆಗೆಟಿವ್ ತಂತಿ ಕಳಚುವ ಸಾಲನ್ನು ಸೇರಿಸಬೇಕೆಂದು ಕೋರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಓರ್ವ ಓದುಗ, ಕೊಪ್ಪ ತಾಲ್ಲೂಕು